ಮೂರು ಜೊತೆ ಕೈಗವಸು

ಆ ಕಾಲ್ಬೆರಳು, ಹೆಬ್ಬೆರಳ ಮೇಲೆ ಹತ್ತಿ ಕೂತ ಎರಡನೇ ಬೆರಳು, ಎಲ್ಲಿ ನೋಡಿದ್ದು ಇದನ್ನು, ಎಂದುಕೊಂಡ ಸೆಕಿಟ್ಟೊ ಹಲ್ಲು ಕೀಳುವ ಇಕ್ಕಳ ಒರೆಸುತ್ತ, ರೋಗಿಗಳ ಸಾಲಿನ ಪಾದಗಳೆಲ್ಲ ಕೆಂಪು ಧೂಳಿನವೇ, ಇದೊಂದು ಮಾತ್ರ ತನ್ನನ್ನೇ ದಿಟ್ಟಿಸುತ್ತಿದೆ — ಅಯ್ಯೋ ಕರ್ತನೇ, ಅತ್ತೆ! ಮದುವೆ ಮಾತುಕತೆಯ ದಿನ ಇದೇ ದ್ವೀಪದಲ್ಲಿ ಮೂರು ತಾಸು ತಲೆ ತಗ್ಗಿಸಿ ಕೂತು ಅವನು ಕಂಡಿದ್ದು ಆ ಬೆರಳೊಂದನ್ನೇ, ತಮ್ಮವರಲ್ಲಿ ಅತ್ತೆಯ ಮುಖ ಅಳಿಯ ನೋಡುವಂತಿಲ್ಲ, ಮುಟ್ಟುವುದಂತೂ, ಮುಟ್ಟಿದರೆ ಜನ್ಮಪೂರ್ತಿ ಕೈನಡುಕ, ಚಿಕ್ಕಪ್ಪನಿಗೆ ಹಿಡಿದಿತ್ತಲ್ಲ, ಜಾರಿ ಬೀಳುತ್ತಿದ್ದ ತನ್ನ ಅತ್ತೆಯ ತೋಳು ಹಿಡಿದ ಪುಣ್ಯಾತ್ಮ, ಆಮೇಲೆ ಅರ್ಧ ಲೋಟ ಚಹಾ ಅಂಗಿಗೇ, ಹೆಂಡ ಕುಡಿಯುತ್ತಿದ್ದ ಅನ್ನುವುದೂ ನಿಜ, ಆದರೂ ಹಲ್ಲು ಕೀಳುವವನ ಕೈ ನಡುಗಿದರೆ ಇನ್ನೇನು ಉಳಿಯಿತು, ಅಮ್ಮನ ಊರಿಗೆ ಹೊರಟಿದ್ದೀರಿ, ಅವಳ ಕಣ್ಣಿಗೆ ಬೀಳಬೇಡಿ ಅಂದಿದ್ದಳು ಹೆಂಡತಿ ನಕಿಗುಡ್ಡೆ, ಚರ್ಚಿನ ಶಿಬಿರ ಕಣೇ, ಉಚಿತ ಸೇವೆ, ದೇವರು ನೋಡ್ಕೋತಾನೆ ಅಂದಿದ್ದ ತಾನು, ನೋಡಿಕೊಳ್ಳಲಿ ಈಗ. ಕೀಳಲಿ ಆ ಬಿಳಿ ಡಾಕ್ಟರು ಹೆನ್ರಿಕ್, ಆದರೆ ಹೆನ್ರಿಕ್ ನಿನ್ನೆ ಮೂರು ತಟ್ಟೆ ಹುರಿದ ಮಿಡತೆ ತಿಂದು ಬೆಳಗಿನಿಂದ ಕಕ್ಕಸಿನಲ್ಲೇ ಬೀಡುಬಿಟ್ಟಿದ್ದಾನೆ, ಏನ್ ಡಾಕ್ಟ್ರೇ ಕಲ್ಲಾಗಿಬಿಟ್ರಾ, ನರ್ಸ್ ನಸ್ಸೂನ ಅಕ್ಕನ ಗಂಟಲು ದೊಡ್ಡದು, ಆಯಮ್ಮ ಮೂರು ದಿನದಿಂದ ಎಲ್ಲರನ್ನೂ ಮುಂದೆ ಬಿಟ್ಟು ಕೂತಿದಾರೆ, ಬಿಳಿ ಡಾಕ್ಟ್ರೇ ಬೇಕಂತೆ, ಈಗ ಬಾವು ಕತ್ತಿಗಿಳಿದಿದೆ, ದೋಣಿ ಬರೋದು ನಾಳೆ, ಅಲ್ಲೀತನಕ ಉಸಿರು ನಿಂತ್ರೆ ಯಾರನ್ನ ಕೇಳೋಣ.

ಆಪರೇಷನ್ನಿನ ಹಸಿರು ಬಟ್ಟೆಗೆ ನಡುವೆ ತೂತು ಇರುತ್ತದಲ್ಲ, ಅದನ್ನು ನಸ್ಸೂನ ಅಕ್ಕನೇ ಅತ್ತೆಯ ಮುಖಕ್ಕೆ ಹೊದಿಸಿದಳು, ತೂತಿನಲ್ಲಿ ಬಾಯಿ ಮಾತ್ರ, ಅವನು ಕೈಗವಸಿನ ಮೇಲೆ ಕೈಗವಸು ಏರಿಸಿದ, ಎರಡು ಪದರ ರಬ್ಬರಿನಾಚೆ ಮುಟ್ಟಿದ್ದು ಮುಟ್ಟಿದ ಹಾಗಾಗುತ್ತದೆಯೇ, ಯಾವ ಪಾದ್ರಿಯನ್ನು ಕೇಳುವುದು, ಬಟ್ಟೆಯೊಳಗಿಂದ ಮಾತು ಬಂತು, ನರ್ಸಮ್ಮಾ, ಇನ್ನೊಂದು ಜೊತೆ ಹಾಕ್ಕೊಳ್ಳೋಕೆ ಹೇಳು, ಹಾಕಿಕೊಂಡ, ಮತ್ತೆ, ಆ ಡಾಕ್ಟ್ರಿಗೆ ಹೇಳು, ನಾನು ಇಲ್ಲಿಲ್ಲ ಅಂತ, ನಾನೂ ಇಲ್ಲ ಅನ್ನಿ ಅಕ್ಕ, ಅಂದ ಸೆಕಿಟ್ಟೊ, ಚೆನ್ನಾಗಿದೆ ಕಣಪ್ಪಾ, ಹಾಗಾದ್ರೆ ಈ ಹಲ್ಲು ಯಾರದು, ಕೀಳೋರು ಯಾರು, ನಾನೊಬ್ಬಳೇನಾ ಇಲ್ಲಿ, ಅಂದಳು ನಸ್ಸೂನ ಅಕ್ಕ. ಸೂಜಿ ಚುಚ್ಚಿ ಕಾದ, ಕಣ್ಣು ತಪ್ಪಿಸಬೇಕೆಂದು ಕೆಳಗೆ ನೋಡಿದರೆ ಮೇಜಿನ ತುದಿಯಲ್ಲಿ ಆ ಬೆರಳು, ಥತ್, ಬಾಯಿಯೇ ವಾಸಿ, ಮೇಲಿನ ಮುಂದಿನ ಹಲ್ಲುಗಳ ನಡುವೆ ಸಂದು — ನಕಿಗುಡ್ಡೆ ನಕ್ಕಾಗ ಕಾಣುವ ಅದೇ ಸಂದು, ಇದರ ಮೇಲೆ ಮನಸ್ಸಿಟ್ಟೇ ಅಲ್ಲವೇ ಅವಳನ್ನು ಕಟ್ಟಿಕೊಂಡದ್ದು, ಇದು ಅವಳಿಗೆ ಬಂದದ್ದು ಇಲ್ಲಿಂದ, ಭಯವೆಲ್ಲ ಎಲ್ಲಿಗೋ ಹೋಗಿ ಅವನಿಗೆ ಆ ಬಾಯಿಯ ಮೇಲೆ ಅಕ್ಕರೆ ಬಂದುಬಿಟ್ಟಿತು, ಇಕ್ಕಳ ಒತ್ತಿದ, ಅಲ್ಲಾಡಿಸಿದ, ದವಡೆ ಹಲ್ಲು ಬೇರುಸಮೇತ ಬಂತು, ಕೀವು ಹರಿಯಿತು, ಉಸಿರು ಸರಾಗವಾಯಿತು. ನರ್ಸಮ್ಮಾ, ಮರಗಟ್ಟಿದ ತುಟಿಯಲ್ಲೇ ಅತ್ತೆ, ಆ ಡಾಕ್ಟ್ರು ಬಡಕಲಾಗಿದಾರೆ, ಹೆಂಡ್ತಿ ಹೊಟ್ಟೆಗೆ ಹಾಕಲ್ವಂತಾ — ನೋಡಿದ್ದಾಳೆ! ಮೂರು ದಿನದಿಂದ ನೋಡುತ್ತಿದ್ದಾಳೆ, ಮತ್ತೆ ಕೇಳು, ಅವರ ಕೈ ಹೇಗಿದೆ, ಅಂದಾಗ ದನಿ ಸಣ್ಣದಾಗಿತ್ತು, ಆಗ ಹೊಳೆಯಿತು ಅವನಿಗೆ, ಅಷ್ಟು ನೋವು ನುಂಗಿಕೊಂಡು ಇವಳು ಕಾದದ್ದು ತನ್ನ ಹಲ್ಲಿಗಲ್ಲ, ಅಳಿಯನ ಕೈಗೆ ನಡುಕ ಹಿಡಿಯದಿರಲೆಂದು, ಕೈಗವಸು ಒಂದೊಂದಾಗಿ ಕಿತ್ತೆಸೆದು ಬರಿಗೈ ಚಾಚಿ ನೋಡಿದ, ನಡುಗ್ತಿಲ್ಲ ಅನ್ನಿ ಅಕ್ಕ, ಒಂಚೂರೂ ಇಲ್ಲ ಅನ್ನಿ, ಮೇಜಿನ ತುದಿಯಲ್ಲಿ ಹೆಬ್ಬೆರಳ ಮೇಲೆ ಹತ್ತಿ ಕೂತ ಆ ಬೆರಳು, ಗಡಗಡ ನಡುಗುತ್ತಿದ್ದದ್ದು ಅದು, ಈಗ ನಿಂತಿತು, ಆ ಬೆರಳು