ದಿಂಡು ಸಮೇತ ತೂಕ

ಮೂರು ದಿನ ಬಿಡದೆ ಬೀಸಿದ ಹಿಮಗಾಳಿ ಆ ಬೆಳಗ್ಗೆ ತಾನಾಗಿಯೇ ನಿಂತಿತ್ತು. ಆಕಾಶ ತೊಳೆದಿಟ್ಟ ಪಿಂಗಾಣಿಯ ಹಾಗೆ ನೀಲಿಯಾಗಿತ್ತು, ಬಿಸಿಲು ಕಣ್ಣು ಕುಕ್ಕುತ್ತಿತ್ತು. ಆದರೆ ಬೊಗಸೆ ಹಿಮ ಕರಗಿಸುವ ತ್ರಾಣವೂ ಆ ಬಿಸಿಲಿಗಿರಲಿಲ್ಲ. ಪ್ಲಾಟ್ ನದಿಯ ಬಯಲಿನಲ್ಲಿ ಬೇಲಿ ಯಾವುದು, ರಸ್ತೆ ಯಾವುದು ಎಂದು ಹೇಳುವಂತಿರಲಿಲ್ಲ.

ಇರ್ಮಾ ವಾವ್ರಾ ಒಲೆಯ ಮುಂದೆ ನಿಂತು ಮೊಮ್ಮಗಳ ಹಾಲಿಗೆ ನೀರು ಕಾಯಿಸುತ್ತಿದ್ದಳು. ಕುದಿ ಬಂದ ಮೇಲೆ ಇಪ್ಪತ್ತು ನಿಮಿಷ, ಗಡಿಯಾರ ನೋಡಿಕೊಂಡು, ಮಾತೆ ಮರಿಯಳ ಪ್ರಾರ್ಥನೆ ಹೇಳಿಕೊಂಡು. ಪಾತ್ರೆಯ ನೀರು ಅರ್ಧಕ್ಕೆ ಇಳಿದರೆ ಮಾತ್ರ ಅವಳಿಗೆ ನೆಮ್ಮದಿ. ಸೊಸೆ ಕಾಲೀನಳ ಎದೆಹಾಲು ಎರಡನೆಯ ವಾರವೇ ಬತ್ತಿತ್ತು. ಅಂದಿನಿಂದ ಪುಡಿಹಾಲು, ಬಾವಿಯ ನೀರು.

ಮಗು ಮಿಲಾಗೆ ಈಗ ಐದು ವಾರ. ಎರಡು ದಿನದಿಂದ ಅದರ ತುಟಿ ನೀಲಿಗಟ್ಟಿತ್ತು. ಚಳಿಗೆ ಹಾಗಾಗಿದೆ ಎಂದುಕೊಂಡು ಅತ್ತೆ ಸೊಸೆ ಇಬ್ಬರೂ ಸೇರಿ ಇದ್ದಬದ್ದ ಕೌದಿಯನ್ನೆಲ್ಲ ಹೊದಿಸಿದ್ದರು.

"ಅತ್ತೆ, ಇಲ್ಲಿ ಬನ್ನಿ." ಕಾಲೀನಳ ದನಿ ಒಡೆದಿತ್ತು. "ಉಗುರು ನೋಡಿ."

ಉಗುರುಗಳು ಸ್ಲೇಟಿನ ಬಣ್ಣಕ್ಕೆ ತಿರುಗಿದ್ದವು. ಮಗು ಅಳುವುದಕ್ಕೆ ಬಾಯಿ ತೆರೆಯಿತು, ದನಿ ಮಾತ್ರ ಎಲ್ಲೋ ದೂರದಿಂದ ಬಂದಂತೆ ಬಂತು. ಇರ್ಮಾ ಗೋಡೆಯ ಫೋನಿಗೆ ಹಾರಿದಳು. ಎಂಟು ಮನೆಗೆ ಸೇರಿ ಒಂದೇ ತಂತಿ. ಯಾರು ಎತ್ತಿದರೂ ಎಲ್ಲರ ಮಾತೂ ಎಲ್ಲರಿಗೂ ಕೇಳುತ್ತಿತ್ತು.

ಆಸ್ಪತ್ರೆಯಲ್ಲಿ ನರ್ಸ್ ಎತ್ತಿದಳು. ಎಲ್ಲ ಕೇಳಿಸಿಕೊಂಡು, "ಹಾಲಿಗೆ ಯಾವ ನೀರು?" ಎಂದಳು.

"ನಮ್ಮ ಬಾವಿದು. ಬೇಸಿಗೇಲಿ ಪರೀಕ್ಷೆ ಮಾಡ್ಸಿದ್ದೀವಿ."

"ನೈಟ್ರೇಟ್ ಎಷ್ಟಿತ್ತು?"

ಇರ್ಮಾ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಕಾಗದ ನೋಡಿದಳು. "ಇಪ್ಪತ್ತೆರಡು. ನಲವತ್ತೈದರ ಒಳಗಿದ್ರೆ ಮಗುಗೂ ಕೊಡ್ಬಹುದು ಅಂತ ಬಾವಿ ಕೊರೆದೋರು ಹೇಳಿದ್ರು."

"ಹಾಗಾದ್ರೆ ನೀರಿಂದಲ್ಲ. ಎದೆಗೆ ಸಂಬಂಧಪಟ್ಟಿದ್ದೇನೋ. ನೋಡೀಮ್ಮಾ, ರಸ್ತೆ ತೆಗೆಯೋ ಗಾಡಿ ನಿಮ್ಮ ಕಡೆ ಬರೋದು ಸಂಜೆಗೆ. ಅಲ್ಲೀವರೆಗೆ ಬೆಚ್ಚಗಿಟ್ಟು ಸ್ವಲ್ಪ ಸ್ವಲ್ಪ ಹಾಲು ಕುಡಿಸ್ತಾ ಇರಿ."

ಸಂಜೆಗೆ! ಗಡಿಯಾರದಲ್ಲಿ ಎಂಟೂಕಾಲು. ಇರ್ಮಾಳ ಹಿಂದೆ ಕಾಲೀನ ಆಗಲೇ ಬಾಟಲಿಗೆ ಹಾಲು ಕಲಸತೊಡಗಿದ್ದಳು. ನರ್ಸ್ ಫೋನಿಟ್ಟ ಸದ್ದಾಯಿತು. ಆದರೆ ತಂತಿಯ ಮೇಲೆ ಇನ್ನೂ ಯಾರದೋ ಉಸಿರು.

"ಇರ್ಮಾ, ಬೇಜಾರು ಮಾಡ್ಕೋಬೇಡಿ, ಕೇಳಿಸ್ಕೊಂಡೆ. ನಾನು ಥೋರಾ."

ಥೋರಾ ಎಂಗ್‌ಡಾಲ್ ಮಂಗಳವಾರದ ಪಾಠದ ಟೀಚರ್. ತಾಯಿಗೆ ಕಾಯಿಲೆಯೆಂದು ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟಿದ್ದ ಇರ್ಮಾ, ಐವತ್ತಾರರ ವಯಸ್ಸಿನಲ್ಲಿ ಇಗರ್ಜಿಯ ನೆಲಮಾಳಿಗೆಗೆ ಹೋಗಿ ಅವಳ ಮುಂದೆ ಕೂರುತ್ತಿದ್ದಳು. ರಸಾಯನಶಾಸ್ತ್ರ ಮಾತ್ರ ತಲೆಗೆ ಹತ್ತಿರಲಿಲ್ಲ. ಕಣ್ಣಿಗೆ ಕಾಣದ ಪರಮಾಣು, ಅವು ಕೈ ಕೈ ಹಿಡಿದರೆ ಅಣು, ಅದಕ್ಕೊಂದು ಸೂತ್ರ. ಅಕ್ಷರದ ಕಾಲಬುಡದಲ್ಲಿ ಬರೆಯುವ ಪುಟ್ಟ ಅಂಕಿಯನ್ನಂತೂ ಅವಳು ಬರೆಯಲು ಮರೆಯುತ್ತಲೇ ಇದ್ದಳು. ಅದೇನು ಅಲಂಕಾರಕ್ಕಲ್ಲ ಇರ್ಮಾ, ಅದು ತಲೆಯೆಣಿಕೆ ಎಂದು ಥೋರಾ ಪ್ರತಿವಾರವೂ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದಳು.

"ಟೀಚರ್, ಈಗ ಪಾಠ ಬೇಡ. ಮಗು ಹೋಗ್ತಾ ಇದೆ."

"ಪಾಠ ಅಲ್ಲ. ಆ ಕಾಗದದಲ್ಲಿ ಏನು ಬರೆದಿದೆಯೋ ಅದನ್ನ ಹಾಗೇ ಓದಿ. ಒಂದಕ್ಷರ ಬಿಡ್ಬೇಡಿ."

"ನೈಟ್ರೇಟ್, ನೈಟ್ರೋಜನ್ ಲೆಕ್ಕದಲ್ಲಿ, ಇಪ್ಪತ್ತೆರಡು."

"ನೈಟ್ರೋಜನ್ ಲೆಕ್ಕದಲ್ಲಿ ಅಂತಿದೆಯಾ? ಸರಿಯಾಗಿ ನೋಡಿ."

"ಇದೆ. ಅದಕ್ಕೇನೀಗ?"

"ನೈಟ್ರೇಟಿನ ಸೂತ್ರ ಹೇಳಿ."

ಇರ್ಮಾಗೆ ಸಿಟ್ಟು ಬಂತು, ಅಳುವೂ ಬಂತು. ಆದರೂ ಬಾಯಿ ತಾನಾಗಿ ಹೇಳಿತು: "ಒಂದು ನೈಟ್ರೋಜನ್. ಆಕ್ಸಿಜನ್... ಕೆಳಗೆ ಮೂರು."

"ಆ ಮೂರನ್ನೇ ನಿಮ್ಮ ಕಾಗದ ತೂಗಿಲ್ಲ. ಬರೀ ನೈಟ್ರೋಜನ್ ತೂಗಿದ್ದಾರೆ. ಬಾವಿ ಕೊರೆದೋನು ಹೇಳಿದ ನಲವತ್ತೈದು ಇದೆಯಲ್ಲ, ಅದು ಇಡೀ ನೈಟ್ರೇಟಿನ ತೂಕ."

ಮೆಕ್ಕೆಜೋಳ ಬೆಳೆದ ಮನೆಯ ಹೆಂಗಸು ಇರ್ಮಾ. ಧಾನ್ಯದ ಮಂಡಿಯಲ್ಲಿ ಬರೀ ಕಾಳು ತೂಗಿದರೆ ಒಂದು ಬುಶೆಲ್ ಅಳತೆಗೆ ಐವತ್ತಾರು ಪೌಂಡು, ದಿಂಡು ಸಮೇತ ತೆನೆ ತೂಗಿದರೆ ಎಪ್ಪತ್ತು. ಒಂದರ ಲೆಕ್ಕವನ್ನು ಇನ್ನೊಂದರ ಪಕ್ಕ ಇಟ್ಟು ನೋಡುವ ದಡ್ಡತನವನ್ನು ಅವಳ ಮಾವನಾಗಲಿ, ಗಂಡನಾಗಲಿ ಎಂದೂ ಮಾಡಿದವರಲ್ಲ.

"ಕಾಳಿನ ತೂಕಾನ ತೆನೆ ತೂಕದ ಪಕ್ಕ ಇಟ್ಬಿಟ್ಟೆ," ಎಂದಳು ಮೆಲ್ಲಗೆ.

"ಹೂಂ. ಈಗ ದಿಂಡು ಸೇರಿಸಿ. ನೈಟ್ರೋಜನ್ ತೂಕ ಹದಿನಾಲ್ಕು. ಆಕ್ಸಿಜನ್ ಒಂದೊಂದೂ ಹದಿನಾರು."

ಇರ್ಮಾ ಲಕೋಟೆಯ ಬೆನ್ನ ಮೇಲೆ ಪೆನ್ಸಿಲಿನಿಂದ ಬರೆದಳು. ಮೂರು ಹದಿನಾರು ನಲವತ್ತೆಂಟು. ಕೂಡಿದರೆ ಅರವತ್ತೆರಡು. ಹದಿನಾಲ್ಕಕ್ಕೆ ಅರವತ್ತೆರಡಾದರೆ ಇಪ್ಪತ್ತೆರಡಕ್ಕೆ? ಒತ್ತಿದ ರಭಸಕ್ಕೆ ಪೆನ್ಸಿಲಿನ ಮೊನೆ ಮುರಿಯಿತು. ಉಗುರಿನಿಂದ ಗೀರಿ ಲೆಕ್ಕ ಮುಗಿಸಿದಳು.

"ತೊಂಬತ್ತೇಳು. ಟೀಚರ್, ತೊಂಬತ್ತೇಳು!"

"ನೀರು ಕಾಯಿಸ್ತೀರಾ?"

"ಇಪ್ಪತ್ತು ನಿಮಿಷ. ಅರ್ಧ ಆಗೋವರೆಗೂ."

ಥೋರಾಳ ದನಿ ಬಹಳ ಮೃದುವಾಯಿತು: "ಹಬೆಯಾಗಿ ಹೋಗೋದು ನೀರು ಮಾತ್ರ, ಇರ್ಮಾ. ನೈಟ್ರೇಟ್ ಹೋಗಲ್ಲ. ಉಳಿದರ್ಧದಲ್ಲಿ ಎರಡರಷ್ಟು ಆಗಿರುತ್ತೆ."

ಇಪ್ಪತ್ತು ನಿಮಿಷದ ಒಂದೊಂದು ಪ್ರಾರ್ಥನೆಯೂ ಇರ್ಮಾಳ ಕಣ್ಣ ಮುಂದೆ ಬಂದು ನಿಂತಿತು. ತಿರುಗಿ ನೋಡಿದಳು. ಕಾಲೀನ ಬಾಟಲಿಯನ್ನು ಮಗುವಿನ ತುಟಿಗೆ ಇಡುತ್ತಿದ್ದಳು.

"ಬೇಡ!" ಎಂದು ಕಿರುಚಿ, ಫೋನಿನ ತಂತಿ ಎಳೆದಷ್ಟೂ ದೂರ ಹಾರಿ, ಬಾಟಲಿಗೆ ಹೊಡೆದಳು. ಅದು ನೆಲಕ್ಕೆ ಬಿದ್ದು ಹಾಲು ಚೆಲ್ಲಿತು.

"ನಿಮಗೆ ತಲೆ ಕೆಟ್ಟಿದೆಯಾ ಅತ್ತೆ!"

"ವಿಷ ಕಣೇ ಅದು. ನಾನೇ ಕಾಯಿಸಿ ಕಾಯಿಸಿ ಕೊಟ್ಟಿದ್ದು."

ಫೋನಿನೊಳಗಿಂದ ನೆರೆಯವನೊಬ್ಬನ ದನಿ ಕೆಮ್ಮಿತು. "ಇರ್ಮಕ್ಕಾ, ಎಮಿಲ್ ಮಾತಾಡ್ತಿರೋದು. ನಾನೇನೂ ಕದ್ದು ಕೇಳ್ತಿರ್ಲಿಲ್ಲ..."

"ಇಪ್ಪತ್ತು ವರ್ಷದಿಂದ ಅದನ್ನೇ ಹೇಳ್ತಿದ್ದೀಯ, ಮಾರಾಯ," ಎಂದಳು ಥೋರಾ.

"ಆಯ್ತು ತಾಯಿ, ಕೇಳ್ತಿದ್ದೆ. ಟ್ರ್ಯಾಕ್ಟರಿಗೆ ಸರಪಳಿ ಹಾಕಿದ್ದೀನಿ, ಮುಂದೆ ಹಿಮ ಬಾಚೋ ಹಲಗೇನೂ ಇದೆ. ಮಗೂನ ಸುತ್ಕೊಂಡು ಬಾಗಿಲಲ್ಲಿ ನಿಂತಿರಿ. ಬಂದೆ."

ಇರ್ಮಾ ಮತ್ತೆ ಆಸ್ಪತ್ರೆಯ ನಂಬರು ತಿರುಗಿಸಿದಳು. ಈ ಸಲ ಅಂಕಿಯ ಜೊತೆ ಅದು ಯಾವುದರ ತೂಕ ಎಂಬುದನ್ನೂ ಹೇಳಿದಳು. ನರ್ಸಿನ ದನಿಯೇ ಬದಲಾಯಿತು. "ಅಯ್ಯೋ, ನಾನೂ ಅದನ್ನ ಕೇಳ್ಬೇಕಿತ್ತು. ಡಾಕ್ಟರಿಗೆ ಹೇಳಿ ಔಷಧಿ ತೆಗೆಸಿಡ್ತೀನಿ. ಏನೂ ಕುಡಿಸ್ಬೇಡಿ, ಹೇಗಾದ್ರೂ ಬನ್ನಿ."

ಹನ್ನೊಂದು ಮೈಲಿಗೆ ಎರಡೂವರೆ ಗಂಟೆ ಹಿಡಿಯಿತು. ಟ್ರ್ಯಾಕ್ಟರಿನ ಗಾಜಿನ ಗೂಡಿನಲ್ಲಿ ಮೂವರು ದೊಡ್ಡವರು ಒಬ್ಬರ ಮೇಲೊಬ್ಬರು ಒತ್ತಿಕೊಂಡು ಕೂತಿದ್ದರು. ಕಾಲೀನಳ ಕೋಟಿನೊಳಗೆ ಮಗು. ನೀರಿನ ಆ ವಿಷ ರಕ್ತದೊಳಗಿನ ಕಬ್ಬಿಣವನ್ನು ಕೆಡಿಸುತ್ತದೆ, ಕೆಟ್ಟ ಕಬ್ಬಿಣ ಉಸಿರನ್ನು ಹೊರಲಾರದು ಎಂದು ಹೊರಡುವ ಮುಂಚೆ ಥೋರಾ ತಿಳಿಸಿದ್ದಳು. ಒಂದೊಂದು ಅಣುವಿನಲ್ಲೂ ಮೂರು ಆಕ್ಸಿಜನ್ ಕೂತಿವೆ. ಅಷ್ಟನ್ನೂ ಈ ಕೂಸಿಗೆ ಕುಡಿಸಿ, ಅದಕ್ಕೆ ಒಂದುಸಿರಿನಷ್ಟೂ ಇಲ್ಲದ ಹಾಗೆ ಮಾಡಿದೆನಲ್ಲ ದೇವರೇ! ಇರ್ಮಾ ಪ್ರಾರ್ಥನೆ ಶುರುಮಾಡಲು ಹೋದಳು. ಒಲೆಯ ಮುಂದೆ ನೋಡುತ್ತಿದ್ದ ಗಡಿಯಾರ ನೆನಪಾಗಿ ಬಿಟ್ಟುಬಿಟ್ಟಳು. ಬರೀ ಎಣಿಸಿದಳು, ಮಗುವಿನ ಉಸಿರನ್ನು. ಎರಡು ಸಲ ಉಸಿರೇ ನಿಂತು ಎಣಿಕೆ ತಪ್ಪಿತು. ಎರಡನೆಯ ಸಲ ಕಾಲೀನ ಮಗುವಿನ ಪಾದ ಚಿವುಟಿ ಅಳಿಸಬೇಕಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಬಿಳಿ ಕಾಗದದ ಮೇಲೆ ಬಿಟ್ಟರು. ಅದು ಕೆಂಪಿರಲಿಲ್ಲ. ಸೋಸಿ ಉಳಿದ ಕಾಫಿ ಗಷ್ಟಿನ ಬಣ್ಣ. ಅವರು ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಕಡುನೀಲಿ ಔಷಧಿ ತುಂಬಿದ ಸೂಜಿ ಹಿಡಿದು ನರ್ಸ್ ಅವರ ಹಿಂದೆ ನಡೆದಳು. ಬಾಗಿಲು ಮುಚ್ಚಿತು.

ಬೆಂಚಿನ ಮೇಲೆ ಕಾಲೀನ ಎದೆ ಒತ್ತಿ ಹಿಡಿದುಕೊಂಡು ಮುಂದಕ್ಕೆ ಬಾಗಿದಳು. "ನನ್ನ ಹಾಲು ನಿಲ್ಲದಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ. ತಾಯಿ ಅನ್ನಿಸ್ಕೊಂಡು ಅದೊಂದೂ ಆಗ್ಲಿಲ್ಲ ನನ್ನ ಕೈಲಿ."

ಕ್ರಿಸ್‌ಮಸ್ಸಿನ ಮರುದಿನ ಇದೇ ಕಾಲೀನ, ಊರಿನ ಅಂಗಡಿಯಿಂದ ಡಬ್ಬಿ ನೀರು ತರಿಸೋಣ ಅತ್ತೆ, ಯಾಕೋ ಮನಸ್ಸು ಒಪ್ಪುತ್ತಿಲ್ಲ ಎಂದಿದ್ದಳು. ವಾವ್ರಾ ಮನೆಯವರು ನೀರು ಕೊಂಡು ಕುಡಿದದ್ದಿಲ್ಲ ಎಂದು ಇರ್ಮಾ ನಕ್ಕಿದ್ದಳು. ನಿಮ್ಮೂರ ಹುಡುಗಿಯರಿಗೆ ಎಲ್ಲದಕ್ಕೂ ಅನುಮಾನ ಎಂದೂ ಸೇರಿಸಿದ್ದಳು. ಆ ಮಾತು ಅವರಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಡಾಕ್ಟರು ಹೊರಬಂದರು. ತುಟಿಯ ಅಂಚಿಗೆ ಬಣ್ಣ ಬರುತ್ತಿದೆ, ಆದರೆ ನಾಳೆಯವರೆಗೆ ಏನೂ ಹೇಳುವಂತಿಲ್ಲ ಎಂದರು. ಅಷ್ಟರಲ್ಲಿ ಪಡಸಾಲೆಯ ಫೋನು ಹೊಡೆದುಕೊಂಡಿತು. ವಯೋಮಿಂಗ್‌ನಲ್ಲಿ ಕೊಳವೆ ಹಾಕುವ ಕೆಲಸಕ್ಕೆ ಹೋಗಿದ್ದ ಇರ್ಮಾಳ ಮಗ ರೇಮಂಡ್‌ಗೆ ಎಮಿಲ್ ಸುದ್ದಿ ಮುಟ್ಟಿಸಿದ್ದ. ಕಾಲೀನ ಎತ್ತಿದಳು. ಅವಳು ಹೂಂ ಎಂದಳು, ಮತ್ತೆ ಹೂಂ ಎಂದಳು. ಆಮೇಲೆ ರಿಸೀವರಿನಿಂದ ಅವನ ಕೂಗು ಬೆಂಚಿನವರೆಗೂ ಕೇಳಿಸಿತು: "ಮಗೂಗೆ ಏನು ಕುಡಿಸ್ತಿದ್ದೀಯ ಅಂತ ಮೈಮೇಲೆ ಎಚ್ಚರ ಬೇಡ್ವೇನೇ ನಿನಗೆ?"

ಕಾಲೀನ ತಲೆ ತಗ್ಗಿಸಿದಳು. ಅತ್ತೆಯ ಕಡೆ ನೋಡಲೂ ಇಲ್ಲ.

ಇರ್ಮಾ ಎದ್ದು ಹೋಗಿ ಅವಳ ಕೈಯಿಂದ ಫೋನು ತೆಗೆದುಕೊಂಡಳು.

"ರೇಮಂಡ್, ಅಮ್ಮ ಮಾತಾಡ್ತಿದ್ದೀನಿ. ಕೂಗಾಡ್ಬೇಡ, ಕೇಳು. ಇವಳು ಬೇರೆ ನೀರು ತರ್ಸೋಣ ಅಂದಿದ್ಲು. ಕ್ರಿಸ್‌ಮಸ್ಸಿನ ಮರುದಿನವೇ ಅಂದಿದ್ಲು. ನಾನು ಬೇಡ ಅಂದೆ. ಹಂಗಿಸಿದೆ. ಕಾಗದ ತಪ್ಪಾಗಿ ಓದಿದ್ದು ನಾನು, ಕಾಯಿಸಿದ್ದೂ ನಾನು. ಇವಳ ಮಾತು ಸರಿ ಇತ್ತು. ಅದನ್ನ ನೀನೂ ಇವಳಿಗೆ ಹೇಳ್ಬೇಕು. ಈಗಲೇ."

ಇರ್ಮಾ ರಿಸೀವರನ್ನು ಮೆಲ್ಲಗೆ ಸೊಸೆಯ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಅದರ ಸುತ್ತ ಮಡಿಸಿ, ಬೆಂಚಿನತ್ತ ನಡೆದಳು.