ಹಳ್ಳದ ಬಾಯಿಗೆ ಬಲೆ

ಬೆಂಚು ಬಾಗಿಲಿನಲ್ಲಿ ಸಿಕ್ಕಿಕೊಂಡಿತು.

ಹೆಣವನ್ನು ಅಂಗಳದಲ್ಲಿ ಮಲಗಿಸಬೇಕೆಂದು ಸಂಘರತ್ನ ಓಣಿಯ ಸಮಾಜ ಭವನದಿಂದ ಉದ್ದನೆಯ ಕಟ್ಟಿಗೆಯ ಬೆಂಚು ತರಿಸಿದ್ದ. ಅದರ ಮೇಲೆ ಹೆಣವನ್ನಿಟ್ಟು ಎತ್ತಿದ ಮೇಲೆ ಬಾಗಿಲು ಎಷ್ಟು ಅಗಲ ಇದೆ ಎಂಬ ಯೋಚನೆ ಬಂತು. ಈಗ ಅರ್ಧ ಮಂದಿ ಒಳಗೆ, ಅರ್ಧ ಮಂದಿ ಹೊರಗೆ. ಒಬ್ಬ ಎತ್ತು ಅನ್ನುತ್ತಾನೆ, ಇನ್ನೊಬ್ಬ ಓರೆ ಮಾಡು ಅನ್ನುತ್ತಾನೆ, ಮೂರನೆಯವನು ಸುಮ್ಮನೆ ಬೈಯುತ್ತಾನೆ. ಕಡೆಗೆ ಬಾಗಿಲ ಕದವನ್ನೇ ಬಿಚ್ಚಿದರು.

ಗೋಡೆಗೆ ಒರಗಿ ಕುಳಿತಿದ್ದ ಸುಗಂಧಾಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ‘ಮೊದಲ ಅಳತಿ ನೋಡ್ರಿ’ ಎಂದು ಜನ್ಮವಿಡೀ ಹೇಳಿದ ಮನುಷ್ಯ. ಅವನನ್ನು ಹೊರಗೆ ಒಯ್ಯುವ ದಿನವಾದರೂ ಈ ಮಂದಿ ಒಂದು ಅಳತೆ ನೋಡಬಾರದೆ?

ಸತ್ತವನು ಅವಳ ಗಂಡ ದೇವಿದಾಸ. ಬಸವಕಲ್ಯಾಣದ ಕರಿಮಣ್ಣಿನಲ್ಲಿ ಹುಟ್ಟಿ, ನೌಕರಿಯೆಲ್ಲ ಪಶ್ಚಿಮದ ಕಡಲತೀರದಲ್ಲಿ ಮಾಡಿದವನು. ಕಡಲಿನಲ್ಲಿ ಮೀನು ಎಷ್ಟಿದೆ, ಎಷ್ಟು ಹಿಡಿದರೆ ಬರುವ ವರ್ಷಕ್ಕೂ ಉಳಿಯುತ್ತದೆ, ಎಷ್ಟು ಬೋಟು ಇಳಿದರೆ ಎಲ್ಲರ ಹೊಟ್ಟೆಗೂ ಕಲ್ಲು ಬೀಳುತ್ತದೆ ಎಂದು ಲೆಕ್ಕ ಹಾಕುವುದು ಅವನ ಕೆಲಸ. ಊರಿನವರಿಗೆ ಇದು ಎಂದೂ ತಲೆಗೆ ಹೋಗಲಿಲ್ಲ. ಅವರು ಅವನನ್ನು ಮೀನಿನ ಡಾಕ್ಟರ್ ಎಂದು ಕರೆದರು. ಘಾಟಬೋರಾಳದಿಂದ ಮಣ್ಣಿಗೆ ಬಂದಿದ್ದ ಸುಗಂಧಾಳ ದೂರದ ಅಣ್ಣನೊಬ್ಬ, ಮೀನಿಗೆ ಸೂಜಿ ಎಲ್ಲಿ ಚುಚ್ಚುತ್ತಾರೆ ಎಂದು ಪಕ್ಕದವನನ್ನು ಕೇಳುತ್ತಿದ್ದ.

ಮಕ್ಕಳಿಲ್ಲದ ಮನೆ. ಭಾವನ ಮಗ ಸಂಘರತ್ನನೇ ಎಲ್ಲದಕ್ಕೂ ಮುಂದು. ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ, ಮೇಣದಬತ್ತಿ, ಬಿಳಿ ಬಟ್ಟೆ ಎಲ್ಲ ಹೊಂದಿಸಿದ್ದ. ಬಿಳಿ ಸೀರೆಯುಟ್ಟ ಹೆಂಗಸರು ತಗಡಿನ ಚಪ್ಪರದ ಕೆಳಗೆ ಒತ್ತೊತ್ತಿ ಕುಳಿತಿದ್ದರು. ಪುನರ್ವಸು ಮಳೆ ಬೆಳಗಿನಿಂದ ಜಿಟಿಜಿಟಿ ಹಿಡಿದಿತ್ತು.

ಸುಗಂಧಾಳ ಮನಸ್ಸಿನಲ್ಲಿ ಇದ್ದದ್ದು ಒಂದೇ ಮಾತು. ದವಾಖಾನೆಯ ಮಂಚದ ಮೇಲೆ ಗಂಡ ಕೈ ಹಿಡಿದು, ಶ್ರಾವಣ ಮುಗಿಯುವ ತನಕ ಕೆರೆಗೆ ಬಲೆ ಬೀಳದ ಹಾಗೆ ನೋಡಿಕೋ ಅಂದಿದ್ದ. ಮಂಠಾಳದ ಹಾದಿಯ ಕೆರೆ ಅದು. ಊರಿಗೆ ಮರಳಿದ ಮೇಲೆ ಅಲ್ಲಿಯ ಮೀನುಗಾರರ ಸಂಘವನ್ನು ಕಾಡಿ ಬೇಡಿ ಮಳೆಗಾಲದಲ್ಲಿ ಬಲೆ ನಿಲ್ಲಿಸಿದ್ದ. ಆಗ ಕೆರೆಗೆ ಬಿಟ್ಟ ಮರಿಗಳು ಬೆಳೆದು, ಈ ಮಳೆಗೆ ತಾಯಿಮೀನುಗಳು ಮೊದಲ ಸಲ ಹಳ್ಳ ಏರಿ ಮೊಟ್ಟೆ ಇಡಬೇಕಿತ್ತು. ಇಡೀ ಆಯುಷ್ಯದಲ್ಲಿ ಅವನ ಮಾತನ್ನು ಕೇಳಿದ್ದು ಆ ಕೆರೆಯೊಂದೇ. ಅದಾದರೂ ಉಳಿಯಲಿ ಎಂಬುದಷ್ಟೇ ಅವಳ ಆಸೆ.

*

ನೌಕರಿಯ ದಿನಗಳಲ್ಲಿ ಕಡಲ ಊರಿನ ಬೋಟಿನ ಮಾಲೀಕರ ಸಭೆಯೊಂದಕ್ಕೆ ಸುಗಂಧಾ ಕೂಡ ಹೋಗಿದ್ದಳು. ಗಂಡನಿಗೆ ಜ್ವರವಿತ್ತು, ಗುಳಿಗೆ ನುಂಗುವುದು ಮರೆತಾನು ಎಂದು ಹೋಗಿ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದಳು.

ದೇವಿದಾಸ ಗೋಡೆಯ ಮೇಲೆ ಚಿತ್ರ ಬೀಳಿಸಿ ವಿವರಿಸಿದ. ಬೋಟು ಹೆಚ್ಚಾದವು, ಒಂದೊಂದು ಬೋಟಿನ ಪಾಲಿಗೆ ಬರುವ ಮೀನು ಇಳಿಯಿತು, ಡೀಸೆಲ್ ಮಾತ್ರ ಏರಿತು. ಇನ್ನೂ ಒಂದು ಸಲವೂ ಮೊಟ್ಟೆ ಇಡದ ಬೂತಾಯಿ, ಬಂಗುಡೆ ಮರಿಗಳನ್ನು ಬಾಚಿ ಮೀನಿನ ಹಿಟ್ಟಿನ ಕಾರ್ಖಾನೆಗೆ ಸುರಿಯುತ್ತಿದ್ದೀರಿ. ಬಲೆಯ ಕಣ್ಣು ದೊಡ್ಡದು ಮಾಡಿ, ಮಳೆಗಾಲದ ರಜೆ ಇನ್ನಷ್ಟು ಎಳೆಯಿರಿ, ಕೆಲವು ವರ್ಷ ತಾಳಿರಿ. ಆಮೇಲೆ ಕಡಿಮೆ ಡೀಸೆಲ್ ಸುಟ್ಟು ಹೆಚ್ಚು ಮೀನು ತರುತ್ತೀರಿ. ಇದು ಮೀನಿನ ಮೇಲಿನ ಕರುಣೆಯಲ್ಲ, ನಿಮ್ಮ ಮನೆಯ ಲೆಕ್ಕ ಎಂದ.

ಮುಂದಿನ ಸಾಲಿನ ಬೋಟಿನ ಮಾಲೀಕನೊಬ್ಬ ನಕ್ಕ. "ನೀವು ಬೀದರ್ ಕಡೆಯವರಂತೆ ಅಲ್ವಾ ಮಾರಾಯ್ರೆ? ನಿಮ್ಮ ಊರಲ್ಲಿ ಸಮುದ್ರ ಎಲ್ಲಿ ಬರ್ತದೆ?"

ಎಲ್ಲರೂ ನಕ್ಕರು. ದೇವಿದಾಸನೂ ನಕ್ಕ. ಆಮೇಲೆ ಎಲ್ಲರೂ ಹೌದು ಹೌದು ಎಂದು ತಲೆ ಆಡಿಸಿದರು. ದೊಡ್ಡ ಅಧಿಕಾರಿಯೊಬ್ಬ, ಬಹಳ ಒಳ್ಳೆಯ ಕೆಲಸ ಎಂದು ಹೆಗಲು ತಟ್ಟಿದ. ಚಹಾ ಬಂತು, ಗೋಳಿಬಜೆ ಬಂತು. ಮರುದಿನ ಬೆಳಿಗ್ಗೆ ಸುಗಂಧಾ ಬಂದರಿಗೆ ಮೀನು ಕೊಳ್ಳಲು ಹೋದರೆ ಬುಟ್ಟಿಗಳ ತುಂಬ ಕಿರುಬೆರಳಿನಷ್ಟುದ್ದದ ಮರಿಗಳು. ಅವಳಿಗೆ ಮೈ ಉರಿಯಿತು. ಖಾಲಿ ಚೀಲ ಹಿಡಿದು ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದಳು. ನಿನ್ನೆ ಅಷ್ಟು ಮಂದಿ ಹೂಂ ಅಂದರಲ್ಲ, ಯಾವ ಬಾಯಿಂದ ಅಂದರು ಎಂದು ಕೇಳಿದಳು.

"ಬ್ಯಾಡ ಅನ್ನೋರ ಕೂಡ ಜಗಳ ಮಾಡಬೌದು ಸುಗಂಧಾ," ಎಂದಿದ್ದ ದೇವಿದಾಸ. "ಹೂಂ ಅನ್ನೋರ ಕೂಡ ಏನ ಮಾಡ್ತಿ?"

ಮತ್ತೆ ಜ್ವರದಲ್ಲೇ ಬಂದರಿಗೆ ಹೋದ, ಮರಿಗಳನ್ನು ಅಳೆಯಲು.

*

ಮಧ್ಯಾಹ್ನ ಓಣಿಯ ಬಾಯಿಗೆ ಟಂಟಂ ರಿಕ್ಷಾ ಬಂದು ನಿಂತಿತು. ಕೆರೆಯ ಸಂಘದವರು ಬಂದರು ಎಂದು ಯಾರೋ ಹೇಳಿದರು. ಮುಂದೆ ಸಂಘದ ಅಧ್ಯಕ್ಷೆ ಗಯಾಬಾಯಿ, ಹಿಂದೆ ಸಂಘದ ಕೆಲಸ ನೋಡಿಕೊಳ್ಳುವ ಫೈಜಲ. ಗಯಾಬಾಯಿಯ ತಲೆಯ ಮೇಲೆ ಒದ್ದೆ ಗೋಣಿ ಮುಚ್ಚಿದ ದೊಡ್ಡ ಬುಟ್ಟಿ. ಅವಳು ಅಳುತ್ತಲೇ ಬಂದು ಹೆಣದ ಕಾಲ ಬಳಿ ಬುಟ್ಟಿ ಇಳಿಸಿ ಗೋಣಿ ತೆಗೆದಳು.

ಒಳಗೆ ರೋಹು ಮೀನುಗಳು. ಒಂದೊಂದು ತೋಳುದ್ದ. ಒಂದರ ಬಾಯಿ ಇನ್ನೂ ಆಡುತ್ತಿತ್ತು.

ಚಪ್ಪರದ ಕೆಳಗಿನ ಹೆಂಗಸರು ಮೂಗಿಗೆ ಸೆರಗು ಹಿಡಿಯಲಿಲ್ಲ, ಎಷ್ಟು ದೊಡ್ಡವು ಎಂದು ಬಗ್ಗಿ ನೋಡಿದರು. ಒಲೆ ಹಚ್ಚಬಾರದ ಮನೆಗೆ ನಂಟರು, ಬೇಕಾದವರು ಊಟ ತರುವುದು ಆ ಕಡೆಯ ಪದ್ಧತಿ. ಬೇರೆಯವರು ಜೋಳದ ರೊಟ್ಟಿ, ಜುಣಕ ತಂದಿದ್ದರು. ಗಯಾಬಾಯಿ ಇದನ್ನು ತಂದಳು.

"ಸಾಹೇಬ್ರು ನಮ್ಮ ಕೆರಿ ಮೀನ ಒಂದ ಸಲಾನೂ ಬಾಯಾಗ ಇಡಲಿಲ್ಲಲ್ಲಕ್ಕಾ," ಎಂದಳು ಗಯಾಬಾಯಿ. "ತಾಯಿಮೀನ ಒಂದ ಸಲ ಹಳ್ಳ ಏರಿ ಬರ್ಲಿ, ಆಮ್ಯಾಲ ಉಣ್ತೇನಿ ಅಂತಿದ್ರು. ಆಸೆ ಉಳಿಸಿಕೊಂಡ ಹೋದ್ರ ನಮಗ ಒಳ್ಳೇದ ಆಗ್ತದೇನು? ಅದಕ್ಕ ಎಲ್ಲಾರೂ ಕೂಡಿ ನಸುಕಿನ್ಯಾಗ ಬಲಿ ಹಾಕಿದೆವು."

ಸುಗಂಧಾ ಎದ್ದು ಬಂದು ಬುಟ್ಟಿಯ ಮುಂದೆ ಕುಳಿತಳು. ಮೇಲಿನ ಮೀನಿನ ಹೊಟ್ಟೆ ಉಬ್ಬಿತ್ತು. ಹೆಬ್ಬೆರಳು ಆನಿಸಿದಳು ಅಷ್ಟೇ, ಸಾಸಿವೆಯಷ್ಟು ದಪ್ಪದ ಹಳದಿ ಮೊಟ್ಟೆಗಳು ಜಾರಿ ಗೋಣಿಯ ಮೇಲೆ ಬಿದ್ದವು. ಕೆಳಗಿನದರ ಹೊಟ್ಟೆಯೂ ಹಾಗೇ ಇತ್ತು.

*

ಗಯಾಬಾಯಿಯನ್ನು ಒಪ್ಪಿಸಲು ದೇವಿದಾಸ ಚಪ್ಪಲಿ ಸವೆಸಿದ್ದ. ಮೊದಲ ದಿನ ಅವಳು ಅವನನ್ನು ಕೆರೆಯ ಒಡ್ಡಿನಿಂದಲೇ ಅಟ್ಟಿದ್ದಳು. ಮಿರಗದ ಮಳೆ ಬಿದ್ದು ನೀರು ಏರುವಾಗಲೇ ಮೀನು ಹಳ್ಳದ ಬಾಯಿಗೆ ಬಂದು ಗುಂಪು ಕೂಡುತ್ತವೆ, ಎರಡು ಕೈಯಿಂದ ಬಾಚುವ ಹೊತ್ತಿಗೆ ಕೈ ಕಟ್ಟಿ ಕೂಡು ಅನ್ನುತ್ತೀರಲ್ಲ, ಪಗಾರ ತಿಂದವರಿಗೆ ನಮ್ಮ ಹೊಟ್ಟೆ ಹ್ಯಾಗೆ ತಿಳಿದೀತು ಎಂದಿದ್ದಳು.

ಅವನು ಮರುದಿನವೂ ಹೋದ. ಆ ವಾರವೆಲ್ಲ ಹೋದ. ಸುಗಂಧಾ ಮನೆಯಲ್ಲಿ ರೇಗಿದಳು. ಕಡಲು ಕೇಳಲಿಲ್ಲ, ಈ ಕೆರೆ ಕೇಳುತ್ತದೆಯೆ, ಪೆನ್ಶನ್ ಬರುತ್ತದೆ, ಉಂಡು ಮಲಗಬಾರದೆ ಎಂದಳು. ದೇವಿದಾಸ ಕೊಡೆ ಹಿಡಿದು ಹೊರಟೇಬಿಟ್ಟ.

ಒಂದು ದಿನ ಗಯಾಬಾಯಿ ಮೀನು ಸೀಳುತ್ತ ಕುಳಿತಿದ್ದಾಗ ಅವನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಅವಳು ಹೊರಗೆಸೆದ ಮೊಟ್ಟೆಯ ಚೀಲವನ್ನು ಅಂಗೈಯಲ್ಲಿ ಹಿಡಿದು ತೋರಿಸಿದ. ಇದು ನೀರಿಗೆ ಹೋಗಿದ್ದರೆ ಎಷ್ಟಾಗುತ್ತಿತ್ತು ಎಂದು ಮಾತ್ರ ಕೇಳಿದ. ಗಯಾಬಾಯಿ ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟಳು.

"ಗಬ್ಬಾದ ಎಮ್ಮಿ ಯಾರೂ ಕಟಗರಿಗೆ ಕೊಡಂಗಿಲ್ಲ," ಎಂದಳು ಕಡೆಗೆ. "ನಾವು ದಿನಾ ಕೊಡಾಕತ್ತೇವಿ ನೋಡ್ರಿ."

ಆ ಮಳೆಗಾಲದಿಂದ ಸಂಘದ ಹೆಂಗಸರು ಸೋಯಾ ಹೊಲದ ಕಳೆಗೆ ಹೋದರು. ಗಂಡಸರು ದೇವಿದಾಸನ ಹೆಸರು ಹಿಡಿದು ಬೈದರು. ಬೈದರೂ ಬಲೆ ಹಾಕಲಿಲ್ಲ. ಒಂದು ರಾತ್ರಿ ಉಣ್ಣುವಾಗ ದೇವಿದಾಸ ಇವರು ಬೈತಾರ ಸುಗಂಧಾ, ಹೂಂ ಅನ್ನಂಗಿಲ್ಲ ಎಂದು ಎಷ್ಟು ಖುಷಿಯಿಂದ ಹೇಳಿದ್ದ!

*

"ಎಲ್ಲಿ ಹಾಕಿದ್ರಿ ಬಲಿ?" ಎಂದು ಸುಗಂಧಾ ಕೇಳಿದಳು.

ಗಯಾಬಾಯಿ ಹಳ್ಳದ ಬಾಯಿಗೆ ಎಂದಳು. ಬೇರೆಲ್ಲಿ ಹಾಕುತ್ತಾರೆ? ಮೀನೆಲ್ಲ ಅಲ್ಲಿಯೇ ಕೂಡಿದ್ದವು.

"ಬ್ಯಾಡ ಅಂದಿದ್ದೆ ನಾ," ಎಂದ ಫೈಜಲ ನೆಲ ನೋಡುತ್ತ. "ಸಾಹೇಬ್ರಿಗೇ ತ್ರಾಸ ಆಗ್ತದ ಅಂದೆ. ನನ್ನ ಮಾತ ಯಾರೂ ಕೇಳಲಿಲ್ಲ. ಬಲಿ ಇನ್ನಾ ಅಲ್ಲೇ ಅದ ಅಕ್ಕಾ. ತುಕಾರಾಮ ಕುಂತಾನ. ಹಾಕಿದ ಮ್ಯಾಲ ಹಾಕೇ ಬಿಟ್ಟೇವಿ, ಹುಮನಾಬಾದ್ ಬಜಾರಿಗೂ ಒಂದಿಷ್ಟು ಹೋಗ್ಲಿ ಅಂದ್ರು."

ತುಕಾರಾಮ ಗಯಾಬಾಯಿಯ ಮೈದುನ. ಕೆರೆಯಲ್ಲಿ ಅವನಷ್ಟು ಚಲೋ ಬಲೆ ಬೀಸುವವರಿಲ್ಲ.

ಸುಗಂಧಾಳಿಗೆ ಗಯಾಬಾಯಿಯ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಇವಳನ್ನು ತಬ್ಬಿಕೊಂಡು ಅಳಬೇಕು ಎಂದೂ ಅನ್ನಿಸಿತು. ಪ್ರೀತಿಯಿಂದ ತಂದವರನ್ನು ಬೈಯುವುದಾದರೂ ಹ್ಯಾಗೆ? ಬೈಯದೆ ಇರುವುದಾದರೂ ಹ್ಯಾಗೆ?

"ಬಲಿ ತಗೀರಿ," ಎಂದಳು. "ಅದರಾಗ ಜೀವ ಇದ್ದದ್ದೆಲ್ಲಾ ನೀರಿಗೆ ಬಿಡ್ರಿ. ಅಲ್ಲೀತನಕ ನನ್ನ ಗಂಡನ್ನ ಎತ್ತಬ್ಯಾಡ್ರಿ."

ಸಂಘರತ್ನನಿಗೆ ತಲೆ ಕೆಟ್ಟಿತು. "ಕಾಕಿ, ತಗ್ಗ ತೋಡಿ ಆಗ್ಯದ. ಅದರಾಗ ನೀರ ತುಂಬಾಕತ್ಯದ. ಮೀನಿನ ಸಲುವಾಗಿ ಹೆಣ ಕೂಡಸ್ತಾರೇನ್ರಿ?"

"ಕೂಡಸ್ತೀನಿ," ಎಂದಳು ಸುಗಂಧಾ.

ಹಿರಿಯರು ಹೇಳಿ ನೋಡಿದರು. ಕಡೆಯ ಬಸ್ಸಿಗೆ ಹೋಗಬೇಕಾದವರು ಗೊಣಗಿದರು. ಘಾಟಬೋರಾಳದ ಅಣ್ಣ, ದುಃಖಕ್ಕೆ ತಲೆ ತಿರುಗಿದೆ ಪಾಪ ಎಂದ. ಅವಳು ಬೆಂಚಿನ ಕಾಲು ಹಿಡಿದು ಕುಳಿತವಳು ಕದಲಲಿಲ್ಲ. ಮಸಣದಿಂದ ಒಬ್ಬ ಓಡಿ ಬಂದು, ತಗ್ಗಿನ ನೀರನ್ನು ಬಕೀಟಿನಿಂದ ಎತ್ತಿ ಹಾಕುತ್ತಿದ್ದೇವೆ, ಬೇಗ ಬರ್ರಿ ಎಂದು ಕೂಗಿ ಹೋದ.

ಫೈಜಲ ಫೋನ್ ಹಚ್ಚುತ್ತಲೇ ಇದ್ದ. ಕೆರೆಯ ಬಳಿ ಸಿಗ್ನಲ್ ಸಿಗುವುದು ಒಡ್ಡಿನ ಮೇಲೆ ಮಾತ್ರ. ಬಹಳ ಹೊತ್ತಿನ ಮೇಲೆ ತುಕಾರಾಮ ಸಿಕ್ಕ. ಫೈಜಲ ಎಲ್ಲ ಹೇಳಿ, ಎಲ್ಲರಿಗೂ ಕೇಳುವ ಹಾಗೆ ಫೋನನ್ನು ಸುಗಂಧಾಳ ಮುಂದೆ ಹಿಡಿದ.

"ತುಕಾರಾಮಾ, ಬಲಿ ತಗದು ಮೀನ ನೀರಿಗೆ ಬಿಡ್ತೀಯೇನಪಾ?" ಎಂದು ಕೇಳಿದಳು.

"ಹೂಂ ಅಕ್ಕಾ. ಈಗೇ ತಗೀತೇನಿ."

ಮತ್ತೆ ಕಾದರು. ಆಮೇಲೆ ತುಕಾರಾಮನೇ ಫೋನ್ ಮಾಡಿದ.

"ಹೂಂ ಅಕ್ಕಾ, ಎಲ್ಲಾ ಬಿಟ್ಟೆ. ಸಾಹೇಬ್ರನ್ನ ಎತ್ರಿ."

ಆಗ ಸುಗಂಧಾ ಅತ್ತಳು. ಬೆಳಗಿನಿಂದ ಬಾರದ ಅಳು ಆಗ ಬಂತು. ಗಯಾಬಾಯಿಯ ಹೆಗಲ ಮೇಲೆ ತಲೆ ಇಟ್ಟು, ಒಂದಾದರೂ ಉಳೀತು ನೋಡು ಎಂದು ಅತ್ತಳು. ತ್ರಿಶರಣ, ಪಂಚಶೀಲ ಹೇಳಿ, ಬಿಳಿ ಬಟ್ಟೆ ಹೊದಿಸಿದ ಚಟ್ಟವನ್ನು ಎತ್ತಿದರು. ಹೆಂಗಸರೂ ಹಿಂದೆ ನಡೆದರು.

ಹುಮನಾಬಾದಿಗೆ ಹೋಗುವ ರಸ್ತೆ ದಾಟುವಾಗ ಮಂಠಾಳದ ಕಡೆಯಿಂದ ಪಿಕಪ್ ಗಾಡಿಯೊಂದು ಬಂತು. ಚಟ್ಟ ಕಂಡು ಬ್ರೇಕ್ ಹಾಕಿತು. ತಾಡಪಾಲು ಬಿಗಿದ ಹಿಂಬದಿಯಿಂದ ಕೆಂಪು ನೀರು ರಸ್ತೆಗೆ ಸುರಿಯುತ್ತಿತ್ತು. ಗಾಡಿಯಿಂದ ಜಿಗಿದವನು ತುಕಾರಾಮ. ಬರಿಗಾಲು, ಮೊಣಕಾಲ ತನಕ ಕೆಸರು. ಸಾಹೇಬ್ರೇ ಎಂದು ಬಿಕ್ಕುತ್ತ ಬಂದು, ಸಂಘರತ್ನನನ್ನು ಸರಿಸಿ ಚಟ್ಟಕ್ಕೆ ಹೆಗಲು ಕೊಟ್ಟ.

ತಾಡಪಾಲಿನ ಸಂದಿಯಲ್ಲಿ ಬಾಲಗಳು ಕಂಡವು. ಸುಗಂಧಾ ಅವನ ಪಕ್ಕಕ್ಕೆ ಹೋದಳು.

"ಬಿಟ್ಟೆ ಅಂದಿದ್ದಿಯಲ್ಲಪಾ."

"ಹೂಂ ಅಕ್ಕಾ," ಎಂದ ತುಕಾರಾಮ, ಅಳುತ್ತಲೇ. ಅವನ ಅಳು ಖರೆ ಇತ್ತು.

ಚಟ್ಟ ಮುಂದೆ ಸಾಗಿತು. ಅದು ಜಾರದಂತೆ ತುಕಾರಾಮ ಅಂಗೈ ಒತ್ತಿ ಹಿಡಿದಿದ್ದ ಕಡೆ, ಬಿಳಿ ಬಟ್ಟೆಗೆ ಹಳದಿ ಮೊಟ್ಟೆಗಳು ಮೆತ್ತಿಕೊಂಡಿದ್ದವು. ಮಳೆ ಜೋರಾಯಿತು. ಅವು ಒಂದೊಂದಾಗಿ ಬಟ್ಟೆಯ ಅಂಚಿಗೆ ಇಳಿದು ಡಾಂಬರಿನ ಮೇಲೆ ಬೀಳುತ್ತಿದ್ದವು, ಹಿಂದೆ ಬರುವವರು ಅವುಗಳ ಮೇಲೆಯೇ ಕಾಲಿಟ್ಟು ನಡೆಯುತ್ತಿದ್ದರು.