ಕಂದು ದಾರ

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಸ್ಟೋರಿನವನು ಬಂದು ನನ್ನ ಮೇಜಿನ ಮೇಲೆ ಒಂದು ಹೊಸ ಡಬ್ಬಿಯನ್ನೂ ಒಂದು ಕಾಗದವನ್ನೂ ಇಟ್ಟ. ಕಾಗದದಲ್ಲಿ ಎರಡು ಚೌಕ. ಒಂದರ ಎದುರು ‘ಹಳೆಯ ಕ್ಯಾಮೆರಾ ಮುಂದುವರಿಸಬಹುದು’ ಅಂತ, ಇನ್ನೊಂದರ ಎದುರು ‘ಬದಲಾಯಿಸಬೇಕು’ ಅಂತ. ಕೆಳಗೆ ಕಾರಣ ಬರೆಯಲು ನಾಲ್ಕು ಗೆರೆ.

“ಶನಿವಾರದೊಳಗೆ ಒಂದಕ್ಕೆ ಗುರುತು ಹಾಕಿ ಕೊಡಿ ಸಿಸ್ಟರ್. ಹಳೇದು ಕೊಟ್ರೆ ಹೊಸದು ನಿಮ್ದು. ಬೇಡಾಂದ್ರೆ ಮೇಲಿನ ವಾರ್ಡಿನವ್ರು ಬಾಯಿ ಬಿಟ್ಕೊಂಡು ಕಾಯ್ತಿದಾರೆ.”

“ನಾನು ಕೇಳಿದ್ನಾ ಹೊಸದು?”

“ನೀವೆಲ್ಲಿ ಕೇಳ್ತೀರ? ನೀವು ಕೇಳಿದ್ದು ದೀಪ ಒಂದೇ. ಅದಕ್ಕೇ ನನ್ನ ಪ್ರಾಣ ತಿಂದ್ರಿ.”

ಅದು ನಿಜ. ನಮ್ಮ ಡ್ರೆಸ್ಸಿಂಗ್ ಕೋಣೆಯ ಟ್ಯೂಬ್‌ಲೈಟುಗಳು ಒಂದು ವರ್ಷದಿಂದ ಮಿಣಮಿಣ ಅನ್ನುತ್ತಿದ್ದವು. ಗಾಯ ತೊಳೆಯುವ ಕೋಣೆಯಲ್ಲಿ ದೀಪ ಕಣ್ಣು ಮಿಟುಕಿಸಿದರೆ ಹೇಗೆ? ಬೆನ್ನು ಬಿದ್ದು, ಜಗಳ ಆಡಿ, ಎರಡು ತಿಂಗಳ ಹಿಂದೆ ಹೊಸ ದೀಪ ಹಾಕಿಸಿದ್ದೆ. ಒಳ್ಳೆಯ ಬೆಚ್ಚಗಿನ ಬೆಳಕು. ರೋಗಿಗಳೂ ಹೊಗಳಿದ್ದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಇಟ್ಟ ವಸ್ತುವನ್ನು ಇನ್ನೊಬ್ಬರು ಮುಟ್ಟಿದರೆ ಆಗುವುದಿಲ್ಲ. ಯಾವುದನ್ನು ಮುಟ್ಟಬಾರದೋ ಅದಕ್ಕೆ ಒಂದು ತುಂಡು ಪ್ಲಾಸ್ಟರ್ ಅಂಟಿಸಿಬಿಡುತ್ತೇನೆ. ಫ್ಯಾನಿನ ಸ್ವಿಚ್ಚು, ಕತ್ತರಿಯ ಡ್ರಾಯರು, ಗೋಡೆ ಗಡಿಯಾರ, ಎಲ್ಲಕ್ಕೂ ಅಂಟಿದೆ. ಹಿಂದಿನಿಂದ ನನ್ನನ್ನು ಎಲ್ಲರೂ ಪ್ಲಾಸ್ಟರಮ್ಮ ಅನ್ನುತ್ತಾರೆ ಅನ್ನುವುದು ನನಗೆ ಗೊತ್ತಿಲ್ಲ ಅಂತ ಅವರು ತಿಳಿದಿದ್ದಾರೆ.

ಕ್ಯಾಮೆರಾದ ನೆತ್ತಿಯ ಮೇಲೂ ಒಂದು ತುಂಡು ಇತ್ತು. ಹನ್ನೊಂದು ವರ್ಷದ ಕ್ಯಾಮೆರಾ ಅದು. ಬ್ಯಾಟರಿಯ ಮುಚ್ಚಳ ನಿಲ್ಲುವುದಿಲ್ಲ, ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಆದರೆ ಅದರ ಒಂದೊಂದು ಗುಂಡಿಯೂ ನನ್ನ ಬೆರಳಿಗೆ ಗೊತ್ತು. ಕಣ್ಣು ಮುಚ್ಚಿಕೊಂಡೂ ತೆಗೆಯುತ್ತೇನೆ.

ಆಸ್ಪತ್ರೆಯಲ್ಲಿ ಕ್ಯಾಮೆರಾ ಯಾಕೆ ಅಂದರೆ, ವಾಸಿಯಾಗದ ಗಾಯಗಳನ್ನು ಹೊತ್ತವರು ನಮ್ಮಲ್ಲಿಗೆ ಬರುತ್ತಾರೆ. ವಾರಕ್ಕೊಮ್ಮೆ ಬ್ಯಾಂಡೇಜು ಬಿಚ್ಚಿ, ತೊಳೆದು, ಪಕ್ಕದಲ್ಲಿ ಕಾಗದದ ಅಳತೆಪಟ್ಟಿ ಇಟ್ಟು ಒಂದು ಫೋಟೋ. ಅದೇ ದೂರ, ಅದೇ ಮಂಚ. ಫ್ಲಾಷ್ ಹಾಕುವಂತಿಲ್ಲ, ಹಾಕಿದರೆ ಹಸಿ ಗಾಯ ಹೊಳೆದು ಏನೂ ಕಾಣುವುದಿಲ್ಲ. ಸರ್ಜನ್ನರು ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಮೂರು ಆಸ್ಪತ್ರೆ ಅವರೊಬ್ಬರ ತಲೆಯ ಮೇಲೆ. ಬಂದವರು ಪ್ರತಿಯೊಬ್ಬರ ಫೋಟೋಗಳನ್ನೂ ವಾರದ ಪ್ರಕಾರ ಸಾಲಾಗಿ ನೋಡುತ್ತಾರೆ. ಗಾಯ ಕೆಂಪಗಾಗುತ್ತಿದ್ದರೆ ಹೊಸ ಮಾಂಸ ಬರುತ್ತಿದೆ ಅಂತ ಅರ್ಥ, ಬಿಡುತ್ತಾರೆ. ಕಂದು ತಿರುಗಿದರೆ, ಕಪ್ಪಾದರೆ, ಆ ರೋಗಿಯನ್ನು ಕರೆಸಿ ಕೈಯಿಂದ ಮುಟ್ಟಿ ನೋಡುತ್ತಾರೆ. ಹಾಗಾಗಿ ಫೋಟೋ ಅಂದರೆ ಹುಡುಗಾಟ ಅಲ್ಲ.

ಆ ಸಾಲಿನಲ್ಲಿ ನಾಲ್ಕು ತಿಂಗಳಿಂದ ನನ್ನ ಅಣ್ಣನ ಕಾಲೂ ಇತ್ತು.

ಅಣ್ಣ ಟೇಲರ್. ಸಕ್ಕರೆ ಕಾಯಿಲೆ ಹದಿನಾಲ್ಕು ವರ್ಷದ್ದು. ಬಲಗಾಲಿನ ಎರಡನೇ ಬೆರಳಿಗೆ ಹೊಸ ಚಪ್ಪಲಿ ಕಚ್ಚಿತ್ತು. ಪಾದದಲ್ಲಿ ಸ್ಪರ್ಶ ಕಡಿಮೆ, ಗೊತ್ತಾಗಿಲ್ಲ. ಗೊತ್ತಾಗುವಾಗ ಹುಣ್ಣಾಗಿತ್ತು. ಮೊದಲ ದಿನವೇ ಸರ್ಜನ್ನರು ಹೇಳಿದ್ದರು: ಎರಡು ತಿಂಗಳು ನೋಡೋಣ, ಕೆಂಪಗೆ ತಿರುಗದಿದ್ದರೆ ಬೆರಳು ತೆಗೆಯಬೇಕು, ಇಲ್ಲದಿದ್ದರೆ ಅದು ಪಾದಕ್ಕೆ ಏರುತ್ತದೆ. ಪಾದ ಹೋದರೆ ಮಷೀನು ತುಳಿಯುವವರು ಯಾರು? ಅಣ್ಣನಿಗೆ ಬೇರೆ ಕೆಲಸ ಬರುವುದಿಲ್ಲ. ಹದಿಮೂರನೇ ವಯಸ್ಸಿನಿಂದ ತುಳಿಯುತ್ತಿರುವ ಕಾಲು ಅದು.

ಎರಡು ತಿಂಗಳ ಹೊತ್ತಿಗೆ ಸರಿಯಾಗಿ ಗಾಯ ಕೆಂಪಗಾಗಲು ಶುರುವಾಯಿತು. ಅದೇ ವಾರ ಔಷಧಿ ಬದಲಾಗಿತ್ತು. ಔಷಧಿ ಹಿಡಿಯಿತು ಅಂದರು ಸರ್ಜನ್ನರು. ಬೇರೆಯವರ ಗಾಯಗಳೂ ಚೆನ್ನಾಗಿ ಕಾಣುತ್ತಿದ್ದವು. ನಮ್ಮ ಕೋಣೆಗೆ ಒಳ್ಳೆಯ ಕಾಲ ಬಂತು ಅಂತ ನಾನೂ ಬೀಗಿದೆ.

ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಬ್ಯಾಂಡೇಜು ಬಿಚ್ಚಿದಾಗ ನನ್ನ ಕಣ್ಣಿಗೆ ಅಷ್ಟು ಕೆಂಪು ಕಾಣುತ್ತಿರಲಿಲ್ಲ. ಮಬ್ಬಾಗಿ, ಒಂದು ಥರ ನೆನೆದ ರಟ್ಟಿನ ಹಾಗೆ ಕಾಣುತ್ತಿತ್ತು. ಬೇರೆ ಯಾರ ಕಾಲಾಗಿದ್ದರೂ ಅವತ್ತೇ ಫೋನ್ ಹಚ್ಚುತ್ತಿದ್ದೆ. ಇದು ಅಣ್ಣನ ಕಾಲು. ಹೆದರಿದವಳಿಗೆ ಎಲ್ಲವೂ ಕೆಟ್ಟದಾಗಿಯೇ ಕಾಣುತ್ತದೆ, ಕ್ಯಾಮೆರಾಕ್ಕೆ ಅಣ್ಣನೂ ಇಲ್ಲ ತಮ್ಮನೂ ಇಲ್ಲ, ಅದು ತೋರಿಸಿದ್ದೇ ಸರಿ ಅಂದುಕೊಂಡೆ. ಪ್ರತಿ ಗುರುವಾರ ಅವನು “ಹೇಗಿದೆಯೇ?” ಅನ್ನುತ್ತಿದ್ದ. ನಾನು ಬಾಯಲ್ಲಿ ಏನೂ ಹೇಳದೆ ಕ್ಯಾಮೆರಾ ತಿರುಗಿಸಿ ತೋರಿಸುತ್ತಿದ್ದೆ. ನೋಡಿ ಖುಷಿಪಡುತ್ತಿದ್ದ.

ಆ ಗುರುವಾರವೂ ಬಂದ. ಅಂಗಡಿಯಿಂದ ನೇರವಾಗಿ ಬಂದಿದ್ದ. ಕೊರಳಲ್ಲಿ ಟೇಪು, ಜೇಬಿನಲ್ಲಿ ದಾರದ ಉಂಡೆಗಳು. ಮಂಚದ ಮೇಲೆ ಕಾಲು ನೀಡಿ ಕುಳಿತು ಹೊಸ ಡಬ್ಬಿ ನೋಡಿದ.

“ಏನೇ, ನಿನ್ನ ರಬ್ಬರ್ ಬ್ಯಾಂಡ್ ಕ್ಯಾಮೆರಾಗೆ ಸವತಿ ಬಂದ್ಲಾ?”

“ಬರ್ಲಿ ಬಿಡು, ಯಾರಿಟ್ಕೋತಾರೆ? ಅರ್ಧದಲ್ಲಿ ಕ್ಯಾಮೆರಾ ಬದಲಾಯಿಸಿದ್ರೆ ಸಾಲು ಕೆಡುತ್ತೆ. ಹಿಂದಿನ ವಾರಕ್ಕೂ ಈ ವಾರಕ್ಕೂ ತಾಳೆ ಆಗಲ್ಲ.”

“ಹಂಗಂತ ಬರ್ದು ಕೊಟ್ಟುಬಿಡು ಮತ್ತೆ.”

“ಸುಮ್ನೆ ಬರೆದ್ರೆ ಆಗಲ್ಲ. ಎರಡರಲ್ಲೂ ತೆಗ್ದು ತೋರಿಸ್ತೀನಿ.”

ಗಾಯ ತೊಳೆದೆ. ಹಳೆಯದರಲ್ಲಿ ಒಂದು ತೆಗೆದೆ, ಹೊಸದರಲ್ಲಿ ಒಂದು. ಎರಡನ್ನೂ ಕಂಪ್ಯೂಟರಿಗೆ ಹಾಕಿ ಪಕ್ಕಪಕ್ಕ ಇಟ್ಟೆ. ಹಳೆಯದರಲ್ಲಿ ಗಾಯ ಎಂದಿನಂತೆ ಕೆಂಪಗಿತ್ತು. ಹೊಸದರಲ್ಲಿ ಕಂದು, ಅಂಚಿನಲ್ಲಿ ಬೂದಿ ಬಣ್ಣ.

“ನೋಡ್ದಾ?” ಅಂದೆ. “ದರಿದ್ರದ್ದು. ಒಳ್ಳೇ ಕಾಲನ್ನ ಹೆಣದ ಕಾಲು ಮಾಡಿಟ್ಟಿದೆ. ಇದನ್ನ ಮೇಲಿನ ವಾರ್ಡಿನವ್ರೇ ತಲೆ ಮೇಲೆ ಹೊತ್ಕೊಳ್ಳಿ.”

ಕಾಗದ ಎಳೆದು ‘ಮುಂದುವರಿಸಬಹುದು’ ಚೌಕಕ್ಕೆ ಗುರುತು ಹಾಕಿಯೂಬಿಟ್ಟೆ. ಅಣ್ಣ ನಗಲಿಲ್ಲ. ಕಣ್ಣು ಕಿರಿದು ಮಾಡಿ ಎರಡು ಚಿತ್ರಗಳನ್ನೂ ನೋಡುತ್ತಿದ್ದ. ಗಿರಾಕಿ ತಂದ ಬಟ್ಟೆಗೆ ದಾರ ಹೊಂದಿಸುವಾಗ ಅವನು ಹಾಗೆ ನೋಡುವುದು.

“ನಮ್ಮಂಗ್ಡೀಲಿ ಹಿಂಗೆ ಜಗಳ ಆಡಲ್ಲ ಕಣೇ,” ಅಂದ. “ಇದು ಯಾವ ಬಣ್ಣ ಅಂತ ಗಿರಾಕಿ ಒಂದು ಹೇಳ್ತಾನೆ, ನಾನೊಂದು ಹೇಳ್ತೀನಿ. ಆಗ ಗೊತ್ತಿರೋ ದಾರ ಪಕ್ಕದಲ್ಲಿಡ್ತೀವಿ.” ಜೇಬಿನಿಂದ ಒಂದು ಉಂಡೆ ತೆಗೆದ. “ಇದೇನು ಹೇಳು?”

“ಕಂದು.”

“ಸರಿಯಾಗಿ ನೋಡಿ ಹೇಳು.”

“ಕಂದೇ ಮಾರಾಯ, ನನಗೇನು ಕಣ್ಣಿಲ್ವಾ?”

ಅವನು ಉಂಡೆಯನ್ನು ತನ್ನ ಕಾಲ್ಬೆರಳಿನ ಪಕ್ಕದಲ್ಲಿ ಇಟ್ಟುಕೊಂಡ. “ತೆಗಿ ಈಗ, ಎರಡರಲ್ಲೂ.”

ತೆಗೆದೆ. ಹೊಸ ಕ್ಯಾಮೆರಾದಲ್ಲಿ ದಾರ ಕಂದಾಗಿಯೇ ಇತ್ತು. ಹಳೆಯದರಲ್ಲಿ ಅದು ಇಟ್ಟಿಗೆ ಕೆಂಪಾಗಿತ್ತು. ನಾನು ಮತ್ತೊಮ್ಮೆ ತೆಗೆದೆ. ಮತ್ತೆ ಅದೇ ಕೆಂಪು.

“ನಿನ್ನ ಹಳೇದು ಕೆಂಪು ಬಳೀತಿದೆ,” ಅಂದ ಅಣ್ಣ. ದನಿ ಏರಿಸಲಿಲ್ಲ. “ದಾರಕ್ಕೂ ಬಳೀತಿದೆ, ನನಗೂ ಬಳೀತಿದೆ.”

ಹನ್ನೊಂದು ವರ್ಷ ಬಳಿಯದೇ ಇದ್ದದ್ದು ಈಗ ಯಾಕೆ ಬಳಿಯುತ್ತದೆ? ತಲೆ ಎತ್ತಿದೆ. ಮೇಲೆ ಹೊಸ ದೀಪಗಳು ಬೆಚ್ಚಗೆ ಉರಿಯುತ್ತಿದ್ದವು. ಕ್ಯಾಮೆರಾದ ನೆತ್ತಿಯ ಪ್ಲಾಸ್ಟರನ್ನು ಉಗುರಿನಿಂದ ಕೆರೆದು ಕಿತ್ತೆ. ಅಡಿಯಲ್ಲಿದ್ದ ಗುಂಡಿ ಕೋಣೆಯ ಬೆಳಕು ಯಾವುದು ಅಂತ ಕ್ಯಾಮೆರಾಕ್ಕೆ ತಿಳಿಸುವುದು. ಯಾರೂ ತಿರುಗಿಸಬಾರದು ಅಂತ ಹನ್ನೊಂದು ವರ್ಷದ ಹಿಂದೆ ನಾನೇ ಅಂಟಿಸಿದ್ದೆ. ಅದು ಟ್ಯೂಬ್‌ಲೈಟಿನ ಚಿತ್ರದ ಎದುರು ನಿಂತಿತ್ತು. ಕೋಣೆಯಲ್ಲಿ ಟ್ಯೂಬ್‌ಲೈಟ್ ಇಲ್ಲದೆ ಎರಡು ತಿಂಗಳಾಗಿತ್ತು. ಪಾಪದ ಯಂತ್ರ, ನಾನು ಹೇಳಿದ ಬೆಳಕನ್ನೇ ನಂಬಿಕೊಂಡು ಬಣ್ಣ ಸರಿಪಡಿಸುತ್ತಲೇ ಇತ್ತು, ಇಲ್ಲದ ಕೆಂಪನ್ನು ಸೇರಿಸುತ್ತಲೇ ಇತ್ತು.

ದೀಪ ಹಾಕಿಸಿದವಳೂ ನಾನೇ, ಪ್ಲಾಸ್ಟರ್ ಅಂಟಿಸಿದವಳೂ ನಾನೇ. ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಅವನು ದಾರವನ್ನು ಉಂಡೆಗೆ ಸುತ್ತಿ ಜೇಬಿಗೆ ಹಾಕಿಕೊಂಡ.

“ಯಾರಿಗ್ಗೊತ್ತಾಗುತ್ತೆ?” ಅಂದ. “ಹೊಸ ಕ್ಯಾಮೆರಾ ಬಂತು, ಹಳೇದು ಕೆಟ್ಟಿತ್ತು ಅಂತ ತಿಳೀತು ಅಂದ್ಬಿಡು. ಇನ್ನೊಂದು ವರ್ಷಕ್ಕೆ ನಿವೃತ್ತಿ ನಿಂಗೆ. ಸುಮ್ನೆ ಯಾಕೆ ಮೈಮೇಲೆ ಎಳ್ಕೋತೀಯ?”

“ನಿನ್ನ ಬೆರಳು ನೋಡ್ಕೊ ಮೊದ್ಲು,” ಅಂದೆ ಸಿಡುಕಿ. ಕಣ್ಣೀರು ಬಂದಿತ್ತು, ಅದನ್ನು ಸಿಡುಕಿನಲ್ಲಿ ಮುಚ್ಚಿದೆ.

ಸರ್ಜನ್ನರು ಬರಲು ಇನ್ನೂ ಹನ್ನೆರಡು ದಿನ ಇತ್ತು. ಅಲ್ಲಿಂದಲೇ ಫೋನ್ ಮಾಡಿದೆ. ದೀಪ, ಗುಂಡಿ, ಪ್ಲಾಸ್ಟರ್, ಒಂದನ್ನೂ ಬಿಡದೆ ಹೇಳಿದೆ. ಅವರು “ನಿಮ್ಮಣ್ಣನ್ನ ಅಲ್ಲೇ ಅಡ್ಮಿಟ್ ಮಾಡಿ. ಬೆಳಿಗ್ಗೆ ಎಂಟಕ್ಕೆ ಬರ್ತೀನಿ. ಈ ಎರಡು ತಿಂಗಳು ಯಾರ್ಯಾರದು ತೆಗೆದಿದ್ರೋ ಎಲ್ಲರನ್ನೂ ಕರೆಸಿ,” ಅಂದರು. ಅಣ್ಣನೂ ಸೇರಿ ಒಟ್ಟು ಹನ್ನೊಂದು ಜನ. ಸಂಜೆವರೆಗೆ ಕೂತು ಮಿಕ್ಕ ಒಬ್ಬೊಬ್ಬರಿಗೂ ಫೋನ್ ಮಾಡಿದೆ.

ಶುಕ್ರವಾರ ಬಂದ ಸರ್ಜನ್ನರು ಫೋಟೋ ಕಡೆ ತಿರುಗಿಯೂ ನೋಡಲಿಲ್ಲ. ಅಣ್ಣನ ಬೆರಳನ್ನು ಒತ್ತಿದರು, ಮೂಸಿದರು, ಸಣ್ಣ ಕಡ್ಡಿಯನ್ನು ಗಾಯದೊಳಗೆ ಇಳಿಸಿ ಮೂಳೆ ತಾಗುತ್ತದೆಯೇ ಅಂತ ನೋಡಿದರು. ತಾಗಿತು, ಅಂದರೆ ಹುಣ್ಣು ಮೂಳೆಯವರೆಗೂ ಇಳಿದಿತ್ತು. ಮಧ್ಯಾಹ್ನ ಬೆರಳು ತೆಗೆದರು. ಪಾದ ಉಳಿಯಿತು. ಮಿಕ್ಕ ಹತ್ತು ಜನರಲ್ಲಿ ಒಬ್ಬರಿಗೆ ಔಷಧಿ ಬದಲಾಯಿತು, ಉಳಿದವರಿಗೆ ಏನೂ ಆಗಿರಲಿಲ್ಲ.

ಕೈ ತೊಳೆಯುತ್ತಿದ್ದ ಸರ್ಜನ್ನರ ಹತ್ತಿರ ಹೋಗಿ ನಿಂತೆ. “ಎರಡು ತಿಂಗಳ ಹಿಂದೆ ಗೊತ್ತಾಗಿದ್ರೆ ಬೆರಳು ಉಳೀತಿತ್ತಾ ಸಾರ್?”

“ಹೇಳಕ್ಕಾಗಲ್ಲ ಸಿಸ್ಟರ್.” ನಲ್ಲಿ ನಿಲ್ಲಿಸಿದರು. “ಇನ್ನೂ ಹನ್ನೆರಡು ದಿನ ಬಿಟ್ಟಿದ್ರೆ ಪಾದ ಉಳೀತಿರ್ಲಿಲ್ಲ. ಅದನ್ನ ಹೇಳಬಲ್ಲೆ.”

ಇಲ್ಲ ಅಂದಿದ್ದರೆ ಸಮಾಧಾನ ಆಗುತ್ತಿತ್ತು, ಹೌದು ಅಂದಿದ್ದರೆ ಅತ್ತು ಮುಗಿಸುತ್ತಿದ್ದೆ. ಅವರು ಎರಡನ್ನೂ ಅನ್ನಲಿಲ್ಲ.

ಹೊರಗೆ ಬೆಂಚಿನ ಮೇಲೆ ಅತ್ತಿಗೆ ಕುಳಿತಿದ್ದರು. ಅವರಿಗೂ ಹೇಳಿದೆ. ಸೆರಗಿನ ತುದಿಯನ್ನು ಮಡಚುತ್ತಾ ಬಿಚ್ಚುತ್ತಾ ಕೇಳಿಸಿಕೊಂಡರು. “ನೀನು ನೋಡ್ತಿದೀಯಲ್ಲ ಅಂತ ನಾನು ಒಂದಿನಾನೂ ಬಟ್ಟೆ ಬಿಚ್ಚಿ ನೋಡ್ಲಿಲ್ಲ,” ಅಂದರು. ಅಷ್ಟೇ ಅಂದಿದ್ದು. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅಣ್ಣನಿಗೆ ತಂದ ಫ್ಲಾಸ್ಕಿನಿಂದ ನನಗೂ ಅರ್ಧ ಲೋಟ ಕಾಫಿ ಬಗ್ಗಿಸಿ ಪಕ್ಕಕ್ಕೆ ಸರಿಸಿದರು.

ಶನಿವಾರ ಸ್ಟೋರಿನವನಿಗೆ ಕಾಗದ ಕೊಟ್ಟೆ. ಮೊದಲು ಹಾಕಿದ್ದ ಗುರುತನ್ನು ಹೊಡೆದುಹಾಕಿ ‘ಬದಲಾಯಿಸಬೇಕು’ ಚೌಕಕ್ಕೆ ಹಾಕಿದ್ದೆ. ಕಾರಣದ ನಾಲ್ಕು ಗೆರೆ ಸಾಲದೆ ಹಿಂದಿನ ಪುಟಕ್ಕೂ ಹೋಗಿತ್ತು. ಕ್ಯಾಮೆರಾದಲ್ಲಿ ಯಾವ ದೋಷವೂ ಇಲ್ಲ, ದೀಪ ಬದಲಾದ ಮೇಲೆ ಗುಂಡಿ ತಿರುಗಿಸಬೇಕಿತ್ತು, ತಿರುಗಿಸದವಳು ನಾನು ಅಂತ ಬರೆದು ಸಹಿ ಮಾಡಿದ್ದೆ.

ಅವನು ಓದಿ ತಲೆ ಕೆರೆದುಕೊಂಡ. “ಇಷ್ಟುದ್ದ ಯಾಕೆ ಸಿಸ್ಟರ್? ಹಳೇದಾಗಿದೆ ಅಂತ ಒಂದು ಗೆರೆ ಬರೆದ್ರೆ ಮುಗೀತಿತ್ತು. ಅಲ್ಲ, ದೋಷ ಇಲ್ಲಾಂದ್ರೆ ಯಾಕೆ ಬದಲಾಯಿಸ್ತೀರ?”

“ನನ್ನ ಕೈಗೆ ಅದು ಜಾಸ್ತಿ ಒಗ್ಗಿಬಿಟ್ಟಿದೆ. ನೋಡ್ದೇನೇ ತೆಗೀತೀನಿ. ಹೊಸದಾದ್ರೆ ಪ್ರತಿ ಸಲ ನೋಡ್ಬೇಕಾಗುತ್ತೆ.”

ಅವನಿಗೆ ಅರ್ಥವಾಯಿತೋ ಇಲ್ಲವೋ, ರಬ್ಬರ್ ಬ್ಯಾಂಡ್ ಸಮೇತ ಅದನ್ನು ಡಬ್ಬಿಗೆ ಹಾಕಿಕೊಂಡು ಹೋದ. ಬಾಗಿಲವರೆಗೂ ನೋಡುತ್ತಾ ನಿಂತೆ.

ಮೇಲಧಿಕಾರಿಗಳು ನನಗೊಂದು ಎಚ್ಚರಿಕೆಯ ಪತ್ರ ಕಳಿಸಿದರು. ಅದನ್ನು ಓದಿ ಕತ್ತರಿಯ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಹೊಸ ಕ್ಯಾಮೆರಾದ ಮೇಲೆ ಪ್ಲಾಸ್ಟರ್ ಇಲ್ಲ. ಅಳತೆಪಟ್ಟಿಯ ತುದಿಗೆ ಒಂದು ಗೇಣು ಕಂದು ದಾರ ಸುತ್ತಿದ್ದೇನೆ. ಯಾವ ಗಾಯದ ಫೋಟೋ ತೆಗೆದರೂ ಅದು ಪಕ್ಕದಲ್ಲಿ ಇರುತ್ತದೆ. ಕ್ಯಾಮೆರಾ ಎತ್ತಿಕೊಳ್ಳುವ ಮೊದಲು ಬರಿಗಣ್ಣಿಗೆ ಏನು ಕಂಡಿತು ಅಂತ ಪುಸ್ತಕದಲ್ಲಿ ಬರೆಯುತ್ತೇನೆ.

ಮೂರು ವಾರದ ಮೇಲೆ ಒಂದು ಗುರುವಾರ ಅಣ್ಣ ಊರುಗೋಲು ಬಿಟ್ಟು ನಡೆದುಕೊಂಡು ಬಂದ. ಅಂಗಡಿ ತೆರೆದಿದ್ದನಂತೆ. ನಾಲ್ಕು ಬೆರಳಿನಲ್ಲಿ ತುಳಿದರೆ ಮಷೀನಿಗೇನೂ ಗೊತ್ತಾಗಲ್ಲ ಅಂದ. ಮಂಚ ಹತ್ತಿ ಕಾಲು ನೀಡಿದ. ಬ್ಯಾಂಡೇಜು ಬಿಚ್ಚಿ, ತೊಳೆದು, ಒರೆಸಿದೆ.

“ಹೇಗಿದೆಯೇ?” ಅಂದ. ಅಭ್ಯಾಸದಿಂದ ಕ್ಯಾಮೆರಾದ ಕಡೆ ನೋಡುತ್ತಿದ್ದ.

ಕ್ಯಾಮೆರಾ ಮೇಜಿನ ಮೇಲೆಯೇ ಇತ್ತು. ನಾನು ಕನ್ನಡಕ ಸರಿಮಾಡಿಕೊಂಡು ಅವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದೆ. ಬೆರಳು ಇಲ್ಲದ ಜಾಗಕ್ಕೆ ಮುಖ ಹತ್ತಿರ ತಂದೆ. ನಾಲ್ಕು ತಿಂಗಳಲ್ಲಿ ಒಂದು ಸಲವೂ ಹಾಗೆ ನೋಡಿರಲಿಲ್ಲ. ಈಗ ನೋಡಿದೆ, ಅವನು ಕಾಯುತ್ತಾ ಕುಳಿತಿದ್ದ.

“ಕೆಂಪಗಿದೆ ಅಣ್ಣ,” ಅಂದೆ.